ರೊಸ್ಕಾಫ್ ಅಂದ್ರೆ ಬರೀ ಹಡಗು ಹತ್ತೋ ಜಾಗ ಅಲ್ಲ

ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಬಂದರುಗಳ ಬಗ್ಗೆ ನೀವು ಬರೆದದ್ದು ಒಳ್ಳೆ ಲೇಖನ. ಆದರೆ ರೊಸ್ಕಾಫ್ ಅನ್ನು ‘ಇಂಗ್ಲೆಂಡಿಗೆ ಫೆರ್ರಿ ಸಿಗುವ ಊರು’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಷ್ಟು ಸಾಲದು.

ಆ ಊರನ್ನು ಸಾಕಿದ್ದು ಗುಲಾಬಿ ಬಣ್ಣದ ಈರುಳ್ಳಿ. ಸಮುದ್ರದಿಂದಾಗಿ ಅಲ್ಲಿ ಚಳಿ ಕಮ್ಮಿ. ಕಡಲ ಪಾಚಿಯನ್ನೇ ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಿದ್ದರು. 1828ರಲ್ಲಿ ಆನ್ರಿ ಒಲಿವಿಯೇ ಎಂಬ ರೈತ ದೋಣಿ ತುಂಬ ಈರುಳ್ಳಿ ಹೇರಿಕೊಂಡು ಇಂಗ್ಲೆಂಡಿಗೆ ಹೋಗಿ ಮಾರಿ ಬಂದ. ಆಮೇಲೆ ಊರಿನ ಗಂಡಸರು, ಹುಡುಗರು ಪ್ರತಿ ಬೇಸಿಗೆ ಕೊನೆಗೆ ಹೊರಟೇಬಿಡುತ್ತಿದ್ದರು. ಈರುಳ್ಳಿಯನ್ನು ಜಡೆ ಹೆಣೆದ ಹಾಗೆ ಹೆಣೆದು, ಸೈಕಲ್ ಬಂದಮೇಲೆ ಅದಕ್ಕೆ ನೇತುಹಾಕಿ, ಮನೆ ಮನೆಗೆ ಮಾರಾಟ. ಇಂಗ್ಲಿಷರು ಅವರನ್ನೆಲ್ಲ ‘ಜಾನಿ’ ಅಂತಲೇ ಕರೆದರು. 1905ರ ನವೆಂಬರಿನಲ್ಲಿ ಹಿಲ್ಡಾ ಎಂಬ ಹಡಗು ಸೇಂಟ್ ಮಾಲೋ ಬಂದರಿನ ಹತ್ತಿರ ಬಂಡೆಗೆ ಬಡಿದು ಒಡೆಯಿತು. ಸತ್ತವರಲ್ಲಿ 70ಕ್ಕೂ ಜಾಸ್ತಿ ಜನ ವ್ಯಾಪಾರ ಮುಗಿಸಿ ಮನೆಗೆ ಬರುತ್ತಿದ್ದ ಈ ಜಾನಿಗಳೇ. ಆ ಕಥೆ ಲೇಖನದಲ್ಲಿ ಇರಬೇಕಿತ್ತು, ಅಲ್ವಾ? ಈ ಈರುಳ್ಳಿಗೆ 2009ರಲ್ಲಿ ಫ್ರಾನ್ಸಿನ ಎಓಸಿ ಮಾನ್ಯತೆಯೂ (ಇಂಥ ಊರಿನದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ.

ಇನ್ನು 16ನೇ ಶತಮಾನದ ಚರ್ಚು. ಅದರ ಹೊರಗೋಡೆ ನೋಡಬೇಕು. ಕಲ್ಲಿನಲ್ಲಿ ಹಾಯಿಹಡಗುಗಳನ್ನೇ ಕೆತ್ತಿದ್ದಾರೆ. ಕಟ್ಟಿಸಲು ದುಡ್ಡು ಕೊಟ್ಟವರು ಹಡಗಿನ ವ್ಯಾಪಾರಿಗಳು, ಸುಮ್ನೆ ಬಿಡ್ತಾರಾ!

ಹೋಗುವವರಿಗೆ ಒಂದು ಮಾತು: ಎದುರಿಗಿರುವ ಬಾ ದ್ವೀಪಕ್ಕೂ ದೋಣಿ ಇದೆ. ಆದರೆ ಇಳಿತದ ಹೊತ್ತಿಗೆ ನೀರು ತುಂಬ ದೂರ ಸರಿಯುತ್ತದೆ. ಆಗ ಉದ್ದನೆಯ ಕಾಲುಸೇತುವೆ ಮೇಲೆ ನಡೆದುಹೋಗಿ ದೋಣಿ ಹತ್ತಬೇಕು. ವಯಸ್ಸಾದವರು ಜೊತೆಗಿದ್ದರೆ ಭರತದ ಸಮಯ ನೋಡಿಕೊಂಡೇ ಹೊರಡಿ.