ಇನ್ನೂರೈವತ್ತು ವರ್ಷದ ಮನೆ, ಹತ್ತು ಡಾಲರಿನ ಕುರ್ಚಿ

ಬಿಳಿ ಪ್ಲಾಸ್ಟಿಕ್ ಕುರ್ಚಿ. ಒಂದು ಕಾಲು ಸೊಟ್ಟ, ಒರಗುವ ಕಡೆ ಸೀಳು. ಅದರ ಹಿಂದೆ ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆ, ಅಮೆರಿಕ ಎಂಬ ದೇಶ ಹುಟ್ಟುವುದಕ್ಕೂ ಮೊದಲು ಕಟ್ಟಿದ್ದು. ಫಿಲಡೆಲ್ಫಿಯಾದ ಹಳೆ ಬೀದಿಗಳಲ್ಲಿ ಕ್ಯಾಮರಾ ಹಿಡಿದು ಅಲೆದವರಿಗೆ ಈ ಕುರ್ಚಿಯನ್ನು ಪರಿಚಯಿಸಬೇಕಿಲ್ಲ.

ಹಿಮ ಬಿದ್ದ ಮರುದಿನ ಸಲಿಕೆ ಹಿಡಿದು ಕಾರಿಗೆ ಜಾಗ ಬಿಡಿಸಿಕೊಂಡವರು, ಕಾರು ಹೊರಗೆ ಒಯ್ಯುವಾಗ ಆ ಜಾಗದಲ್ಲಿ ಒಂದು ಕುರ್ಚಿ ನೆಟ್ಟು ಹೋಗುತ್ತಾರೆ. ಊರವರ ಬಾಯಲ್ಲಿ ಇದು ‘ಸೇವ್ಸೀಸ್’. ನಮ್ಮಲ್ಲಿ ಬಸ್ಸಿನ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ ಶಾಸ್ತ್ರ. ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ. ಹಿಮ ಸುರಿದಾಗ ಪೊಲೀಸರೇ ‘ಸೇವ್ಸೀಸ್ ಬೇಡ್ರಪ್ಪಾ’ ಎಂದು ಸಾರಿ ಹೇಳುತ್ತಾರೆ. ಹಿಮ ಕರಗಿ ಚರಂಡಿ ಸೇರಿದರೂ ಕುರ್ಚಿ ಅಲ್ಲೇ ಇರುತ್ತದೆ. ಕೆಲವರು ಕುರ್ಚಿಯ ಬದಲು ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಇಡುತ್ತಾರೆ. ಕೆಂಪು ಇಟ್ಟಿಗೆಯ ಮುಂದೆ ಕಿತ್ತಳೆ! ಅದಕ್ಕಿಂತ ಕುರ್ಚಿಯೇ ವಾಸಿ.

ಸರಿಸಿಬಿಟ್ಟರಾಯಿತು ಅನ್ನುತ್ತೀರಾ? ಈ ಊರಿನಲ್ಲಿ ಒಬ್ಬರ ಕುರ್ಚಿ ಇನ್ನೊಬ್ಬರು ಮುಟ್ಟುವ ಪದ್ಧತಿ ಇಲ್ಲ. ಸಾಲದ್ದಕ್ಕೆ, ಎಷ್ಟೋ ಹಳೆ ಮನೆಗಳ ಎರಡನೇ ಅಂತಸ್ತಿನ ಕಿಟಕಿಗೆ ‘ಬ್ಯುಸಿಬಾಡಿ’ ಎಂಬ ಕನ್ನಡಿಗಳ ಗೊಂಚಲು ಸಿಕ್ಕಿಸಿರುತ್ತಾರೆ. ಬಾಗಿಲಲ್ಲಿ ಯಾರಿದ್ದಾರೆ, ಬೀದಿಯ ಆ ತುದಿಯಲ್ಲಿ ಯಾರು ಬರುತ್ತಿದ್ದಾರೆ, ಎಲ್ಲವೂ ಮೇಲೆ ಕುಳಿತಲ್ಲೇ ಕಾಣುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ತಂದರು ಅನ್ನುವುದು ಊರಿನ ಮಾತು. ನಿಜವೋ ಸುಳ್ಳೋ, ಕನ್ನಡಿಯಂತೂ ಕೆಲಸ ಮಾಡುತ್ತದೆ. ನೀವು ಕುರ್ಚಿಯ ಕಡೆ ಅರ್ಧ ಹೆಜ್ಜೆ ಇಟ್ಟಿರೋ ಇಲ್ಲವೋ, ಮೇಲಿನ ಪರದೆ ಅಲ್ಲಾಡುತ್ತದೆ.

ಹಾಗಾಗಿ ಕುರ್ಚಿ ಮುಟ್ಟದೇ ಅದನ್ನು ಚಿತ್ರದಲ್ಲಿ ಸರಿಸುವುದನ್ನು ಕಲಿಯಬೇಕು. ಬೇಕಾಗುವುದು 24 ಮಿ.ಮೀ. ಶಿಫ್ಟ್ ಲೆನ್ಸ್, ಅಂದರೆ ಕ್ಯಾಮರಾ ತಿರುಗಿಸದೇ ಪಕ್ಕಕ್ಕೋ ಮೇಲಕ್ಕೋ ಜಾರಿಸಬಹುದಾದ ಲೆನ್ಸ್. ಕ್ಯಾಮರಾ ಗೋಡೆಗೆ ಸಮಾನಾಂತರವಾಗಿರಲಿ. ಗೋಡೆಯಿಂದ 6 ಮೀಟರ್, ಕುರ್ಚಿಯಿಂದ 4 ಮೀಟರ್ ದೂರದಲ್ಲಿ ನಿಂತಿದ್ದೀರಿ ಅನ್ನಿ. ಟ್ರೈಪಾಡನ್ನು 1 ಮೀಟರ್ ಎಡಕ್ಕೆ ಒಯ್ದು, ಲೆನ್ಸನ್ನು ಬಲಕ್ಕೆ ಜಾರಿಸಿದರೆ ಮನೆ ಮೊದಲಿನಂತೆ ನೇರವಾಗಿಯೇ ಇರುತ್ತದೆ, ಕುರ್ಚಿ ಮಾತ್ರ ಗೋಡೆಯ ಮೇಲೆ ಅರ್ಧ ಮೀಟರ್ ಬಲಕ್ಕೆ ಹೋಗುತ್ತದೆ. ಬಾಗಿಲು ಬಚಾವ್. ಅಮೃತಶಿಲೆಯ ಮೆಟ್ಟಿಲು ಬಚಾವ್. ಈಗ ಕುರ್ಚಿ ನಿಂತಿರುವುದು ಶೂಗಳ ಕೆಸರು ಒರೆಸಲು ಮೆಟ್ಟಿಲ ಪಕ್ಕ ನೆಟ್ಟ ಹಳೆಯ ಕಬ್ಬಿಣದ ಪಟ್ಟಿಯ ಮೇಲೆ ಸರಿಯಾಗಿ. ಆ ಮನೆಯಲ್ಲಿ ನೋಡಲೇಬೇಕಾದ ವಸ್ತು ಅದೇ ಆಗಿತ್ತು.

ಎಕ್ಸ್‌ಪೋಷರ್ (ಕ್ಯಾಮರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು) ಉದ್ದ ಮಾಡಿ ಜನರನ್ನು ಮಾಯ ಮಾಡುವ ಉಪಾಯ ಕುರ್ಚಿಗೆ ನಾಟುವುದಿಲ್ಲ. 1/30 ಸೆಕೆಂಡಿನ ಎಕ್ಸ್‌ಪೋಷರಿಗೆ ಸಾವಿರದಲ್ಲೊಂದು ಪಾಲು ಬೆಳಕನ್ನಷ್ಟೇ ಬಿಡುವ 10 ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿದರೆ ಸುಮಾರು 34 ಸೆಕೆಂಡು ಆಗುತ್ತದೆ, ಅಷ್ಟರಲ್ಲಿ ನಡೆದು ಹೋದವರು ಚಿತ್ರದಲ್ಲಿ ಉಳಿಯುವುದಿಲ್ಲ. ಆದರೆ ಕ್ಯಾಮರಾ ಕಂಡೊಡನೆ ಸಜ್ಜನರು ನಿಂತುಬಿಡುತ್ತಾರೆ.

“ನೀವು ಹೋಗಿ ಸರ್, ಪರವಾಗಿಲ್ಲ.”

“ಛೆ ಛೆ, ನೀವು ತೆಗೀರಿ, ನಾನು ಕಾಯ್ತೀನಿ.”

ಹೀಗೆ 34 ಸೆಕೆಂಡೂ ಕಾದವರು ಚಿತ್ರದಲ್ಲಿ ನಾಯಿಯ ಸಮೇತ ಸ್ಪಷ್ಟವಾಗಿ ಮೂಡುತ್ತಾರೆ. ಒರಟರು ಮಾತ್ರ ಮಾಯವಾಗುತ್ತಾರೆ.

ಕಾರು, ಕುರ್ಚಿ ಯಾವುದೂ ಇಲ್ಲದ ಸಣ್ಣ ಓಣಿಗಳಿಗೆ ಹೋದರಾಯಿತಲ್ಲ? ಎಲ್‌ಫ್ರೆತ್ಸ್ ಆ್ಯಲಿ ಇದೆ: 32 ಮನೆಗಳು, ಕೊನೆಯದು 1836ರ ಹೊತ್ತಿನದು, ಇವತ್ತಿಗೂ ಜನ ವಾಸ ಇದ್ದಾರೆ. ಇಂಥ ಓಣಿಗಳಲ್ಲಿ ಕಾಟ ಕೊಡುವುದು ಸೂರ್ಯ. ಲೆಕ್ಕ ಹಾಕಿ ನೋಡಿ. ಎದುರುಬದುರು ಗೋಡೆಗಳ ನಡುವೆ 6 ಮೀಟರ್, ಮನೆಯ ಎತ್ತರ 9 ಮೀಟರ್. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಇಲ್ಲಿ ಸೂರ್ಯ ಸುಮಾರು 27 ಡಿಗ್ರಿಗಿಂತ ಮೇಲೇರುವುದಿಲ್ಲ. ಎದುರು ಮನೆಯ ನೆರಳು ನಿಮ್ಮ ಮನೆಯ ಗೋಡೆಯನ್ನು 6 ಮೀಟರ್‌ವರೆಗೆ ನುಂಗಿರುತ್ತದೆ. ಬಿಸಿಲು ಬೀಳುವುದು ಮೇಲಿನ ಮೂರು ಮೀಟರಿಗೆ ಅಷ್ಟೇ. ಮಾರ್ಚ್ 21ರ ಹೊತ್ತಿಗೆ ಸೂರ್ಯ 50 ಡಿಗ್ರಿಗೆ ಬರುತ್ತಾನೆ, ನೆರಳು ಎರಡು ಮೀಟರಿಗಿಂತ ಕೆಳಗಿಳಿಯುತ್ತದೆ. ಏಪ್ರಿಲ್‌ನಲ್ಲಿ ಮರಗಳು ಚಿಗುರಿ ಮೂರನೇ ಅಂತಸ್ತನ್ನು ಮುಚ್ಚಲು ಶುರುಮಾಡುತ್ತವೆ. ಅಂದರೆ ಬಿಸಿಲೂ ಇದ್ದು ಎಲೆಯೂ ಇಲ್ಲದ ಕಾಲ ವರ್ಷಕ್ಕೆ ಕೆಲವೇ ವಾರ. ಆ ವಾರಗಳಲ್ಲೇ ಮಳೆ, ಗಾಳಿ, ಮತ್ತು ಯಾರದೋ ಮನೆಗೆ ಬಣ್ಣ ಬಳಿಯಲು ಕಟ್ಟಿದ ಸಾರುವೆ.

ಮರಗಳ ಮೇಲಿನ ಈ ಸಿಟ್ಟು ಹೊಸದೇನಲ್ಲ. 1752ರಲ್ಲಿ ಫ್ರಾಂಕ್ಲಿನ್ ಮತ್ತವರ ಗೆಳೆಯರು ಕಟ್ಟಿದ ಬೆಂಕಿ ವಿಮೆಯ ಸಂಘ, ಮನೆ ಮುಂದೆ ಮರ ಇದ್ದರೆ ಬೆಂಕಿ ಆರಿಸಲು ಅಡ್ಡಿ ಎಂದು ಅಂಥ ಮನೆಗಳಿಗೆ ವಿಮೆ ನಿಲ್ಲಿಸಿತು. ಮರ ಕಡಿಯಲು ಒಪ್ಪದವರು 1784ರಲ್ಲಿ ಬೇರೆ ಸಂಘವನ್ನೇ ಮಾಡಿಕೊಂಡರು. ವಿಮೆ ಮಾಡಿಸಿದ ಮನೆಯ ಗೋಡೆಯ ಮೇಲೆ ಒಂದರ ಗುರುತು ಬೆಸೆದ ನಾಲ್ಕು ಕೈ, ಇನ್ನೊಂದರದು ಹಸಿರು ಮರ. ಈ ಗುರುತುಗಳನ್ನು ಎದುರು ಫುಟ್‌ಪಾತಿನಿಂದ 200 ಮಿ.ಮೀ. ಲೆನ್ಸಿನಲ್ಲಿ ತೆಗೆಯಬೇಕು. ಹಸಿರು ಮರದ ಗುರುತನ್ನು ನಿಜವಾದ ಹಸಿರು ಮರ ಮುಚ್ಚಿರುವಾಗ ಮೊದಲಿನ ಸಂಘದವರ ನೆನಪಾಗುತ್ತದೆ.

ಮನೆ ಪೂರ್ತಿ ಬರಬೇಕೆಂದು ಕ್ಯಾಮರಾವನ್ನು ಮೇಲಕ್ಕೆ ಬಗ್ಗಿಸಬೇಡಿ, ಗೋಡೆ ಹಿಂದಕ್ಕೆ ಬೀಳುತ್ತದೆ. ಅದೇ 24 ಮಿ.ಮೀ. ಲೆನ್ಸ್ ಹಾಕಿ, ಕ್ಯಾಮರಾವನ್ನು ನಿಂತ ಚೌಕಟ್ಟಿಗೆ ತಿರುಗಿಸಿ, ಮಟ್ಟ ನೋಡಿ, 12 ಮಿ.ಮೀ. ಮೇಲಕ್ಕೆ ಶಿಫ್ಟ್ ಮಾಡಿದರೆ 6 ಮೀಟರ್ ದೂರದಿಂದ 9 ಮೀಟರ್ ಎತ್ತರ ಸರಿಯಾಗಿ ಹಿಡಿಸುತ್ತದೆ, ಹೆಂಚಿಗೆ ಒಂದು ಬೆರಳು ಆಕಾಶವೂ ಉಳಿಯದಂತೆ. ಶಿಫ್ಟ್ ಲೆನ್ಸಿನ ಬೆಲೆ ನೋಡಿ ಎದೆ ಒಡೆದವರು 14 ಮಿ.ಮೀ. ಹಾಕಿ, ಮಟ್ಟಸವಾಗಿ ತೆಗೆದು, ಕೆಳಗಿನ ಸುಮಾರು ಐದನೇ ಎರಡು ಭಾಗ ರಸ್ತೆಯನ್ನು ಕತ್ತರಿಸಬಹುದು.

ಬೆಳಕು ಯಾವ ಕಡೆಯಿಂದ ಎಂಬುದನ್ನು 1682ರಲ್ಲೇ ತೀರ್ಮಾನಿಸಿಬಿಟ್ಟಿದ್ದಾರೆ. ಊರು ಸ್ಥಾಪಿಸಿದ ವಿಲಿಯಂ ಪೆನ್‌ಗಾಗಿ ಭೂಮಾಪಕ ಥಾಮಸ್ ಹೋಮ್ ಹಾಕಿದ ಚೌಕುಳಿ ನಕ್ಷೆ ನಿಜವಾದ ಉತ್ತರಕ್ಕೆ ಸುಮಾರು ಹತ್ತು ಡಿಗ್ರಿ ಪೂರ್ವಕ್ಕೆ ವಾಲಿದೆ. ಸ್ಪ್ರೂಸ್, ಪೈನ್ ಬೀದಿಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಮನೆಗಳಿಗೆ ಚಳಿಗಾಲ ಪೂರ್ತಿ ಬಿಸಿಲಿಲ್ಲ. ಜೂನ್ ಹೊತ್ತಿನ ಬೆಳಗ್ಗೆ, ಸಂಜೆ ಮಾತ್ರ ಓರೆ ಬಿಸಿಲು ಗೋಡೆ ಸವರುತ್ತದೆ. ಒಂದು ಉದ್ದ ಒಂದು ಅಡ್ಡ ಜೋಡಿಸಿದ ಇಟ್ಟಿಗೆಗಳಲ್ಲಿ ಅಡ್ಡ ಇಟ್ಟಿಗೆಯ ಸುಟ್ಟು ಕಪ್ಪಾದ ತಲೆ ಮಿರುಗುವುದು ಆಗಲೇ. ನೋಡಿದವರಿಗೆ ಕುರ್ಚಿ, ಕಾರು ಎಲ್ಲ ಮರೆತುಹೋಗುತ್ತದೆ.

ಚೆಸ್ಟ್‌ನಟ್ ಬೀದಿಯಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಫರ್ನೆಸ್ 1879ರಲ್ಲಿ ಮುಗಿಸಿದ ಬ್ಯಾಂಕ್ ಕಟ್ಟಡವೊಂದಿತ್ತು, 1960ರ ಹೊತ್ತಿಗೆ ಕೆಡವಿದರು. ಈಗ ಫೋಟೊಗಳಲ್ಲಷ್ಟೇ ಇದೆ. 1933ರಲ್ಲಿ ಸರ್ಕಾರ ಶುರುಮಾಡಿದ ಹಳೆ ಕಟ್ಟಡಗಳ ದಾಖಲೆಯಲ್ಲೂ ಈಗಿಲ್ಲದ ಎಷ್ಟೋ ಮನೆಗಳ ಚಿತ್ರಗಳಿವೆ. ಅಂಥ ಹಳೆ ಫೋಟೊದಲ್ಲಿ ಬಾಗಿಲ ಮುಂದೆ ದುಂಡು ಬಾನೆಟ್ಟಿನ ಕಪ್ಪು ಕಾರು ನಿಂತಿದ್ದರೆ ‘ಆಹಾ’ ಅನ್ನುತ್ತೇವೆ. ಆವತ್ತು ಕ್ಯಾಮರಾ ಹಿಡಿದವರು ಆ ಕಾರಿನವನಿಗೆ ಏನಂದರೋ.

ಎಲ್ಲ ಸರಿಹೋಗಿ ಚಿತ್ರ ಮನೆಗೆ ತಂದರೆ ಕೊನೆಯ ಕಾಟ ಬಣ್ಣದ್ದು. ನೆರಳಿನ ಓಣಿಯಲ್ಲಿ ಬೆಳಕು ಎದುರಿನ ಕೆಂಪು ಗೋಡೆಗೆ ತಾಗಿ ಬರುವುದರಿಂದ ಬಿಳಿ ಕಿಟಕಿಗಳು ಗುಲಾಬಿಯಾಗುತ್ತವೆ. ವೈಟ್ ಬ್ಯಾಲೆನ್ಸ್ ತಿರುಗಿಸಿ ಕಿಟಕಿ ಬಿಳಿ ಮಾಡಿದರೆ ಇಟ್ಟಿಗೆಗೆ ಜ್ವರ ಬಿಟ್ಟ ಮುಖದ ಬಣ್ಣ ಬರುತ್ತದೆ. ಅದಕ್ಕೇ ಬಾಗಿಲ ಹತ್ತಿರ ಗ್ರೇ ಕಾರ್ಡ್ (ಬಣ್ಣ ಹೋಲಿಸಲು ಬೂದು ರಟ್ಟು) ಹಿಡಿದು ಒಂದು ಚಿತ್ರ ಮೊದಲೇ ತೆಗೆದುಕೊಳ್ಳಬೇಕು, ಆಮೇಲೆ ಕಿಟಕಿಯ ಚೌಕಟ್ಟುಗಳನ್ನಷ್ಟೇ ಮಾಸ್ಕ್ ಮಾಡಿ ಒಂದೊಂದಾಗಿ ಬಿಳಿ ಮಾಡಬೇಕು. ಹನ್ನೆರಡು ಗಾಜಿನ ಕಿಟಕಿ, ಮನೆಗೆ ಆರು. ರಾತ್ರಿ ಎರಡು ಗಂಟೆಗೆ ಆರನೆಯದು ಮುಗಿಸಿ ಗ್ರೇ ಕಾರ್ಡಿನ ಚಿತ್ರ ತೆರೆದು ನೋಡಿದರೆ, ಆ ಮನೆಯವರು ಬಳಿಸಿದ್ದೇ ಕೆನೆಬಣ್ಣ.