ದೇವರಿಗೆ ಟಾಯ್ಲೆಟ್ ಯಾಕೆ?

ನಾವು ಕಾಸರಗೋಡಿನವರು ಪ್ರವಾಸಿಗರನ್ನು ದೇವರೆಂದೇ ತಿಳಿದಿದ್ದೇವೆ. ತಮಾಷೆಯಲ್ಲ ಮಾರಾಯ್ರೆ. ಇಡೀ ಕೇರಳವೇ ‘ದೇವರ ಸ್ವಂತ ನಾಡು’ ಅಂತ ಬೋರ್ಡು ಹಾಕಿಕೊಂಡಿದೆ. ಅದರ ಮೇಲೆ ಕೇಂದ್ರ ಸರಕಾರದ ‘ಅತಿಥಿ ದೇವೋ ಭವ’ ಬೇರೆ. ಎರಡೂ ಸೇರಿದ ಮೇಲೆ ಬಂದವರನ್ನು ಮನುಷ್ಯರು ಅಂದುಕೊಂಡರೆ ಅಪಚಾರ ಆಗುವುದಿಲ್ವಾ?

ದೇವರು ಅಂದುಬಿಟ್ಟರೆ ಅನುಕೂಲ ಜಾಸ್ತಿ, ನಮಗೆ. ದೇವರಿಗೆ ಟಾಯ್ಲೆಟ್ ಬೇಡ. ಕುಡಿಯುವ ನೀರು ಬೇಡ. ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ದೇವರು ಕೇಳುವುದಿಲ್ಲ. ಗರುಡನೋ ಇಲಿಯೋ, ಅವರವರ ಗಾಡಿ ಅವರವರಿಗೆ ಉಂಟು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹೋದರೂ ಬೇಜಾರಿಲ್ಲ. ಒಂದೇ ವ್ಯತ್ಯಾಸ ಅಂದರೆ, ಇಲ್ಲಿ ಕಾಣಿಕೆ ಹಾಕಬೇಕಾದದ್ದೂ ದೇವರೇ. ಪಾರ್ಕಿಂಗಿಗೆ ಒಂದು, ಕ್ಯಾಮೆರಾಕ್ಕೆ ಒಂದು, ಚಪ್ಪಲಿ ಇಡಲಿಕ್ಕೆ ಇನ್ನೊಂದು.

ಮೊನ್ನೆ ಒಂದು ಪ್ರವಾಸಿ ತಾಣದಲ್ಲಿ (ಹೆಸರು ಬೇಡ, ಎಲ್ಲ ಕಡೆಯ ಬೀಗವೂ ಒಂದೇ ಕಂಪೆನಿಯದ್ದು) ದಾವಣಗೆರೆ ಕಡೆಯ ಒಂದು ಕುಟುಂಬ ನಿಂತಿತ್ತು. ಅಜ್ಜಿಗೆ ಅವಸರ. ಎದುರಿಗೇ ಹೊಸ ಟಾಯ್ಲೆಟ್ ಕಟ್ಟಡ. ಗ್ರಾನೈಟ್ ಫಲಕದಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಎಲ್ಲರ ಹೆಸರೂ ಚಿನ್ನದ ಬಣ್ಣದಲ್ಲಿ. ಬಾಗಿಲಿಗೆ ಅಂಗೈಯಗಲದ ಬೀಗ. ಉದ್ಘಾಟನೆಯ ರಿಬ್ಬನ್ನಿನ ತುಂಡು ಇನ್ನೂ ಚಿಲಕದಲ್ಲೇ ಸಿಕ್ಕಿಕೊಂಡಿತ್ತು.

‘ಕೀ ಸಾರ್ ಕೈಯಲ್ಲಿ ಉಂಟು’ ಎಂದ ಸೆಕ್ಯುರಿಟಿಯವನು.

‘ಸಾರ್ ಎಲ್ಲದಾರ್ರೀ?’

‘ಟ್ರೈನಿಂಗಿಗೆ ಹೋಗಿದ್ದಾರೆ.’

‘ಏನ್ ಟ್ರೈನಿಂಗ್?’

‘ಟೂರಿಸ್ಟುಗಳನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಅಂತ.’

ಅಜ್ಜಿ ಮಗನ ಅಂಗಿ ಜಗ್ಗಿದರು. ‘ಹಂಗಾರೆ ಆ ಟ್ರೈನಿಂಗ್ ನಡಿಯೋ ಜಾಗಕ್ಕೇ ನಡಿಯಪ್ಪ. ಅಲ್ಲಿ ಟಾಯ್ಲೆಟ್ ಇರ್ತೈತಿ.’

ಇಂಥ ತರಬೇತಿಗಳು ಈಗ ಮಳೆಗಾಲದ ಅಣಬೆಯ ಹಾಗೆ ಎದ್ದಿವೆ. ಎಸಿ ಹಾಲ್, ನೀಲಿ ಫೈಲ್, ಒಂದು ಪೆನ್ನು, ಮಧ್ಯಾಹ್ನ ಬಿರಿಯಾನಿ. ದೂರದಿಂದ ಬಂದ ತರಬೇತುದಾರರು ನಗುವುದನ್ನು ಕಲಿಸುತ್ತಾರೆ. ಎಷ್ಟು ಹಲ್ಲು ಕಾಣಬೇಕು, ತಲೆ ಎಷ್ಟು ಬಗ್ಗಬೇಕು, ಎಲ್ಲದಕ್ಕೂ ಲೆಕ್ಕ ಉಂಟು. ಮುಖ್ಯ ಪಾಠ ಮಾತ್ರ ಒಂದೇ: ಅತಿಥಿಗೆ ‘ಇಲ್ಲ’ ಎನ್ನಬಾರದು.

ಈ ಪಾಠದಿಂದ ಆದ ನಷ್ಟ ದೊಡ್ಡದು. ಮೊದಲು ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೇಳಿದರೆ ಒಳಗಿದ್ದವರು ಪೇಪರಿನಿಂದ ತಲೆ ಎತ್ತದೆ ‘ಹೋಯ್ತು’ ಎನ್ನುತ್ತಿದ್ದರು. ಒಂದೇ ಮಾತು. ಸಿಟ್ಟು ಬರುತ್ತಿತ್ತು, ಆದರೆ ಬಸ್ಸು ಹೋದದ್ದು ಗೊತ್ತಾಗುತ್ತಿತ್ತು. ಆಟೋ ಹಿಡಿದು ಮನೆ ಸೇರಬಹುದಿತ್ತು. ಈಗ ತರಬೇತಿ ಆಗಿದೆ. ತಲೆ ಎತ್ತುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾರೆ, ‘ಬರುತ್ತದೆ, ಕೂತುಕೊಳ್ಳಿ’ ಎನ್ನುತ್ತಾರೆ. ಬಸ್ಸು ಆಗಲೇ ಹೋಗಿರುತ್ತದೆ. ಕೂತವರು ಕೂತೇ ಇರುತ್ತಾರೆ.

ಇನ್ನು ನಕ್ಷತ್ರದ ಕಾಟ. ಕಾಫಿ ಬರುವ ಮೊದಲೇ ಕ್ಯೂಆರ್ ಕೋಡ್ ಬರುತ್ತದೆ. ‘ನನ್ನ ಹೆಸರು ಹಾಕಿ ಫೈವ್ ಸ್ಟಾರ್ ಕೊಡಿ ಸಾರ್’ ಅಂತ ಹುಡುಗ ಪಕ್ಕದಲ್ಲೇ ನಿಲ್ಲುತ್ತಾನೆ. ಪಾಪ, ಅವನ ತಪ್ಪಲ್ಲ. ಅವನ ಸಂಬಳ ನಮ್ಮ ಹೆಬ್ಬೆರಳಿನಲ್ಲಿದೆ. ನನ್ನ ಪರಿಚಯದವರೊಬ್ಬರು ಒಂದು ಲಾಡ್ಜಿನ ಬಗ್ಗೆ ‘ರಾತ್ರಿಯಿಡೀ ತಿಗಣೆ ಕಚ್ಚಿತು’ ಅಂತ ಬರೆದು ಒಂದೇ ನಕ್ಷತ್ರ ಕೊಟ್ಟರು. ಅರ್ಧ ನಿಮಿಷದಲ್ಲಿ ಉತ್ತರ ಬಂತು: ‘ಪ್ರಿಯ ಅತಿಥಿ, ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ. ನಮ್ಮ ಇಡೀ ಬಳಗ ನಿಮ್ಮ ದಾರಿ ಕಾಯುತ್ತಿದೆ.’

ದೇವರಲ್ಲೂ ದರ್ಜೆ ಉಂಟು ಅನ್ನಿ. ಕೋಟೆಯಿರುವ ನಮ್ಮ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಅಂತ ಘೋಷಿಸಿದ್ದು 1992ರಲ್ಲಿ. 1995ರಲ್ಲಿ ಅದಕ್ಕೊಂದು ನಿಗಮವೂ ಆಯಿತು. ಕಡಲ ಕರೆಯಲ್ಲಿ ದೊಡ್ಡ ರೆಸಾರ್ಟುಗಳೂ ಬಂದವು. ಅಂಥ ಗೇಟಿನ ಒಳಗೆ ಎಳನೀರು, ತಣ್ಣನೆ ಟವೆಲ್, ಹೂವಿನ ಮಾಲೆ, ಅಲ್ಲಿ ನಿತ್ಯೋತ್ಸವ. ಗೇಟಿನ ಹೊರಗೆ ಬಸ್ಸಿಳಿದು ಬರುವ ದೇವರಿಗೆ ಪ್ರಕೃತಿಯೇ ಎಲ್ಲ ವ್ಯವಸ್ಥೆ ಮಾಡಿರುತ್ತದೆ, ಪೊದೆಗಳ ಸಮೇತ.

ಕೋಟೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಬಾಗಿಲಿಗೆ ನೇರ ದಾರಿಯಿಲ್ಲ, ಅಂಕುಡೊಂಕಾಗಿ ತಿರುಗಬೇಕು. ಸುತ್ತ ಕಂದಕ. ಬಂದವನಿಗೆ ಗೊಂದಲವಾಗಬೇಕು, ಸುಸ್ತಾಗಬೇಕು, ಸಾಧ್ಯವಾದರೆ ಹಾಗೇ ವಾಪಸ್ ಹೋಗಬೇಕು ಅನ್ನುವುದೇ ಲೆಕ್ಕಾಚಾರ. ನಾಯಕ ಇದನ್ನು ಶತ್ರುವಿಗೆ ಅಂತ ಮಾಡಿದ. ನಮ್ಮ ‘ಸಹಾಯ ಕೇಂದ್ರ’ಗಳು ಅದೇ ನಕ್ಷೆಯನ್ನು ಮಿತ್ರರಿಗೂ ಬಳಸುತ್ತಿವೆ.

ನನ್ನನ್ನು ಕೇಳಿದರೆ ಈ ಜಿಲ್ಲೆಯ ಅತ್ಯುತ್ತಮ ಪ್ರವಾಸೋದ್ಯಮ ಸಿಬ್ಬಂದಿ ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಮೊಸಳೆ ಬಬಿಯಾ. ಸಂಬಳ ಅಂದರೆ ನೈವೇದ್ಯದ ಅನ್ನ. ಇಷ್ಟ ಬಂದಾಗ ದರ್ಶನ, ಇಲ್ಲದಿದ್ದರೆ ಇಲ್ಲ. ಸುಮ್ನೆ ‘ಬರುತ್ತೇನೆ, ಕೂತುಕೊಳ್ಳಿ’ ಅಂತ ಯಾರಿಗೂ ಹೇಳಲಿಲ್ಲ. ಅಷ್ಟು ಹಲ್ಲಿದ್ದರೂ ತರಬೇತಿಯ ನಗು ನಗಲಿಲ್ಲ. 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಕಣ್ಣೀರು ಹಾಕಿದರು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಪಿಎಸ್‌ಸಿ ಪರೀಕ್ಷೆ ಇಲ್ಲ, ರ‍್ಯಾಂಕ್ ಲಿಸ್ಟ್ ಇಲ್ಲ, ಕೋರ್ಟಿನ ತಡೆ ಇಲ್ಲ. ವರ್ಷವೊಂದು ಕಳೆದದ್ದೇ ತಡ, ಖಾಲಿ ಹುದ್ದೆ ಭರ್ತಿ! ಕೇರಳದ ಯಾವ ಇಲಾಖೆಗೆ ಇದು ಸಾಧ್ಯವಾಗಿದೆ ಹೇಳಿ.

ಅತಿಥಿಯನ್ನು ನೋಡಿಕೊಳ್ಳುವುದು ನಮಗೆ ಬರುವುದಿಲ್ಲ ಅಂತಲ್ಲ. ತುಲಾ ಮಾಸದ ಹತ್ತು ಕಳೆದ ಮೇಲೆ ಯಾವುದಾದರೂ ತೆಯ್ಯಂ, ಅಂದರೆ ದೈವದ ಕುಣಿತ, ನೋಡಲು ಬನ್ನಿ. ಕುಣಿದು ಮುಗಿದ ಮೇಲೆ ದೈವ ಭಕ್ತರನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕರೆಯುತ್ತದೆ. ಕೈ ಹಿಡಿದುಕೊಂಡು ಮಾತಾಡುತ್ತದೆ. ಮಗಳ ಮದುವೆ, ಗಲ್ಫಿನಲ್ಲಿರುವ ಮಗ, ಮಂಡಿನೋವು, ಎಲ್ಲವನ್ನೂ ಕೇಳಿಸಿಕೊಂಡು ಅಭಯ ಕೊಡುತ್ತದೆ. ಪಕ್ಕದ ಕಣ್ಣೂರಿನ ಪರಶ್ಶಿನಿಕಡವಿನಲ್ಲಿ ಮುತ್ತಪ್ಪ ದೈವದ ಹತ್ತಿರ ಹೋದರೆ ಬೇಯಿಸಿದ ಹೆಸರುಕಾಳು, ಚಹಾವೇ ಪ್ರಸಾದ. ಜಾತಿ ಕೇಳುವವರಿಲ್ಲ, ಕಾರು ನೋಡುವವರಿಲ್ಲ.

ಅಂದರೆ ದೇವರೇ ಮನುಷ್ಯರನ್ನು ಅತಿಥಿಗಳ ಹಾಗೆ ನೋಡಿಕೊಳ್ಳುವ ಊರು ಇದು. ಇಲಾಖೆಯವರು ಇನ್ನೂ ದೈವಕ್ಕೆ ತರಬೇತಿ ಕೊಡಲು ಹೋಗಿಲ್ಲ. ಕುಣಿತ ಮುಗಿದ ಕೂಡಲೇ ‘ನಿಮ್ಮ ಅನುಭವ ಹೇಗಿತ್ತು?’ ಅಂತ ಕ್ಯೂಆರ್ ಕೋಡ್ ಹಿಡಿಯುವವರೂ ಅಲ್ಲಿಗೆ ಬಂದಿಲ್ಲ. ಬಂದೇ ಬರುತ್ತಾರೆ. ದೈವದ ಕೈಯಲ್ಲಿ ಕತ್ತಿ ಇರುವುದರಿಂದ ಸ್ವಲ್ಪ ತಡವಾಗುತ್ತಿದೆ, ಅಷ್ಟೆ.