‘ಆ್ಯನ್ ಯೂನಿವರ್ಸಿಟಿ’ ಪರೀಕ್ಷೆಗೆ ತಯಾರಿ

ಅಕಾಡೆಮಿಕ್ ಇಂಗ್ಲಿಷ್ ಬರವಣಿಗೆಯ ಪರೀಕ್ಷೆಗೆ ಇನ್ನು ಎರಡೇ ವಾರ ಅನ್ನುವಾಗ ಎಲ್ಲರೂ ಮಾಡುವ ಮೊದಲ ಕೆಲಸ ಹೊಸ ನೋಟ್‌ಬುಕ್ ತರುವುದು. ಎರಡನೆಯದು, ಅದರ ಮೊದಲ ಪುಟದಲ್ಲಿ ‘ಪ್ಲೆಥೋರಾ’ ಅಂತ ಬರೆದು ಬಣ್ಣದ ಪೆನ್ನಿನಲ್ಲಿ ಅಡಿಗೆರೆ ಎಳೆಯುವುದು. ಮೂರನೆಯ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ.

ಪ್ಲೆಥೋರಾ ಅಂದರೆ ‘ಬೇಕಾದಷ್ಟು’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಮೈಯಲ್ಲಿ ರಕ್ತ ಅತಿಯಾಯಿತು ಅನ್ನುವುದಕ್ಕೆ ಹಿಂದೆ ವೈದ್ಯರು ಬಳಸುತ್ತಿದ್ದ ಪದ ಅದು. ‘ಅತಿಯಾಯಿತು’ ಅನ್ನುವ ವಾಸನೆ ಅದಕ್ಕೆ ಇನ್ನೂ ಅಂಟಿಕೊಂಡಿದೆ. ಶಿಕ್ಷಣದಿಂದ ‘ಪ್ಲೆಥೋರಾ ಆಫ್ ಬೆನಿಫಿಟ್ಸ್’ ಇದೆ ಎಂದು ಬರೆದರೆ, ಲಾಭ ಹೆಚ್ಚಾಗಿ ಅಜೀರ್ಣವಾಗಿದೆಯೇನೋ ಅಂತ ಮೌಲ್ಯಮಾಪಕರಿಗೆ ಅನ್ನಿಸಬಹುದು. ‘ಮೆನಿ’ ಅಂತ ಬರೆದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಈ ಪರೀಕ್ಷೆಯಲ್ಲಿ ಓದುವವರಿಗೆ ಏನೂ ಅನ್ನಿಸದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ.

ಹಾಗಾದರೆ ಯಾವ ಪದ ಕಲಿಯಬೇಕು? ಆವರಿಲ್ ಕಾಕ್ಸ್‌ಹೆಡ್ ಎಂಬ ಭಾಷಾವಿಜ್ಞಾನಿ ಸುಮಾರು 35 ಲಕ್ಷ ಪದಗಳಷ್ಟು ಅಕಾಡೆಮಿಕ್ ಬರಹವನ್ನು ಜಾಲಾಡಿ, 2000ನೇ ಇಸವಿಯಲ್ಲಿ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಪ್ರಕಟಿಸಿದರು. ಅದರಲ್ಲಿ ಇರುವುದು 570 ಪದಕುಟುಂಬ, ಅಂದರೆ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪು. ಆ ಬರಹದ ಸುಮಾರು ಶೇ 10ರಷ್ಟು ಪದಗಳು ಈ 570 ಮನೆತನದವೇ. ಪಟ್ಟಿಯ ಮೊದಲ ಸಾಲಿನಲ್ಲಿ ಕೂತಿರುವವರು ಯಾರು ಅಂದರೆ ಮೆಥಡ್, ಫ್ಯಾಕ್ಟರ್, ಡೇಟಾ, ರೋಲ್, ಸಿಮಿಲರ್, ಏರಿಯಾ. ಹೌದು, ನಾವು ದಿನವೂ ‘ನಿಮ್ಮದು ಯಾವ ಏರಿಯಾ’ ಅನ್ನುತ್ತೇವಲ್ಲ, ಅದೇ ಏರಿಯಾ. ಪ್ಲೆಥೋರಾಗೆ ಅಲ್ಲಿ ಜಾಗ ಸಿಕ್ಕಿಲ್ಲ.

ಈ ಪದಗಳನ್ನು ಒಂಟಿಯಾಗಿ ಉರು ಹೊಡೆಯುವುದು ದಂಡ. ಜೊತೆಗಾರರ ಸಮೇತ ಕಲಿಯಬೇಕು. ರಿಸರ್ಚನ್ನು ‘ಮೇಕ್’ ಮಾಡುವುದಿಲ್ಲ, ‘ಕಂಡಕ್ಟ್’ ಮಾಡುತ್ತಾರೆ. ರೋಲನ್ನು ‘ಪ್ಲೇ’ ಮಾಡುತ್ತಾರೆ, ಅದರ ನಂತರ ‘ಇನ್’ ಬರುತ್ತದೆ. ಥ್ರೆಟನ್ನು ‘ಪೋಸ್’ ಮಾಡುತ್ತಾರೆ, ಅದಕ್ಕೆ ‘ಟು’. ದಿನಕ್ಕೆ ಐದು ಪದ, ಒಂದೊಂದಕ್ಕೂ ಒಂದು ಪೂರ್ತಿ ವಾಕ್ಯ. ಎರಡು ವಾರಕ್ಕೆ 70 ಆಯಿತು. ಅಷ್ಟು ಸಾಕು, ಅಷ್ಟನ್ನಾದರೂ ಸರಿಯಾಗಿ ಬಳಸಿದವರು ಕಡಿಮೆ.

ದೊಡ್ಡ ಪದಗಳ ಮೋಹ ಬಿಟ್ಟವರನ್ನು ಸಣ್ಣ ಪದಗಳು ಹಿಡಿಯುತ್ತವೆ. ಯೂನಿವರ್ಸಿಟಿ ಪರೀಕ್ಷೆಯಲ್ಲೇ ‘ಆ್ಯನ್ ಯೂನಿವರ್ಸಿಟಿ’ ಎಂದು ಶುರು ಮಾಡುವವರಿದ್ದಾರೆ. ಯು ಅಕ್ಷರ ಸ್ವರ, ಸ್ವರದ ಮುಂದೆ ಆ್ಯನ್, ಲೆಕ್ಕ ಸರಿಯಾಯಿತಲ್ಲ ಅಂತ ಅವರ ವಾದ. ಇಂಗ್ಲಿಷ್ ನೋಡುವುದು ಅಕ್ಷರವನ್ನಲ್ಲ, ಉಚ್ಚಾರವನ್ನು. ಇದಕ್ಕೆ ನಮ್ಮ ಹತ್ತಿರ ಬೇರೆಯವರಿಗಿಲ್ಲದ ಒಂದು ಉಪಕರಣವಿದೆ: ಕನ್ನಡ ಲಿಪಿ. ಪದವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಬರೆದು ಮೊದಲ ಅಕ್ಷರ ನೋಡಿ. ‘ಯೂನಿವರ್ಸಿಟಿ’ಯಲ್ಲಿ ಯ ಇದೆ, ವ್ಯಂಜನ, ಆದ್ದರಿಂದ ‘ಎ’. ‘ಯುರೋಪಿಯನ್’ಗೂ ‘ಎ’. ‘ಅವರ್’ ಅಂದರೆ ಗಂಟೆ, ಇಂಗ್ಲಿಷಿನಲ್ಲಿ ಅದರ ಮುಂದೆ ಎಚ್ ಕಾವಲು ನಿಂತಿದ್ದರೂ ಕನ್ನಡದಲ್ಲಿ ಕಾಣುವುದು ಅ, ಆದ್ದರಿಂದ ‘ಆ್ಯನ್’. ‘ಎಂಎ ಡಿಗ್ರಿ’ಗೂ ಆ್ಯನ್. ಈ ಉಪಾಯ ಕೈಕೊಡುವುದು ‘ಒನ್’ ಎದುರಾದಾಗ. ನಾವು ಒ ಅಂತ ಬರೆದರೂ ಇಂಗ್ಲಿಷರ ಬಾಯಲ್ಲಿ ಅದು ‘ವನ್’. ಅಲ್ಲಿ ‘ಎ’ ಹಾಕಿ.

‘ದ’ ವಿಷಯ ಇಷ್ಟು ಸುಲಭವಿಲ್ಲ. ಕನ್ನಡಕ್ಕೆ ಆರ್ಟಿಕಲ್ ಇಲ್ಲ, ‘ಪುಸ್ತಕ ತಂದೆ’ ಅಂದರೆ ಯಾವ ಪುಸ್ತಕ ಅಂತ ಕೇಳುವವರೇ ಹೊಂದಿಸಿಕೊಳ್ಳುತ್ತಾರೆ. ಹಾಗಾಗಿ ನಮ್ಮ ‘ದ’ಗಳು ಎರಡು ಬಗೆ: ಬೇಕಾದಲ್ಲಿ ಇಲ್ಲದವು, ಬೇಡವಾದಲ್ಲಿ ಇರುವವು. ಅನುಮಾನ ಬಂದಾಗ ನಾಮಪದದ ಮುಂದೆ ‘ಯಾವುದೋ ಒಂದು’ ಸೇರಿಸಿ ನೋಡಿ, ಒಗ್ಗಿದರೆ ‘ಎ’. ‘ಆಗ ಹೇಳಿದ ಆ’ ಸೇರಿಸಿ ನೋಡಿ; ಒಗ್ಗಿದರೆ ‘ದ’. ಎರಡೂ ಒಗ್ಗದೆ ‘ಒಟ್ಟಾರೆ’ ಎಂಬ ಭಾವ ಬಂದರೆ ಬರಿಗೈಯಲ್ಲಿ ಬಿಡಿ. ಸಮಾಜದ ಬಗ್ಗೆ ಒಟ್ಟಾರೆ ಮಾತಾಡುವಾಗ ‘ಇನ್ ಸೊಸೈಟಿ’ ಸಾಕು. ‘ಇನ್ ದ ಸೊಸೈಟಿ’ ಅಂದರೆ ಯಾವುದೋ ಸಹಕಾರ ಸಂಘದ ವಾರ್ಷಿಕ ವರದಿ ಓದಿದಂತಾಗುತ್ತದೆ.

ಇನ್ನು ಕೆಲವು ತಪ್ಪುಗಳು ಅಪ್ಪಟ ಕನ್ನಡ ಸಂಜಾತ. ನಮ್ಮಲ್ಲಿ ಸಂಶೋಧನೆಗಳು ಇವೆ, ಮಾಹಿತಿಗಳು ಇವೆ, ಸಲಹೆಗಳಂತೂ ಬೇಡವೆಂದರೂ ಬರುತ್ತವೆ. ಇಂಗ್ಲಿಷಿನಲ್ಲಿ ರಿಸರ್ಚ್, ಇನ್‌ಫರ್ಮೇಶನ್, ಅಡ್ವೈಸ್, ಎವಿಡೆನ್ಸ್, ಎಕ್ವಿಪ್‌ಮೆಂಟ್ ಇವಕ್ಕೆಲ್ಲ ಬಾಲದಲ್ಲಿ ಎಸ್ ಬರುವುದಿಲ್ಲ. ಎಣಿಸಲೇಬೇಕಾದರೆ ರಿಸರ್ಚಿನ ಬದಲು ‘ಸ್ಟಡೀಸ್’, ಉಳಿದವಕ್ಕೆ ‘ಎ ಪೀಸ್ ಆಫ್’. ನಾವು ಒಂದು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ, ಆ ‘ಬಗ್ಗೆ’ ಸೀದಾ ನಡೆದುಹೋಗಿ ‘ಡಿಸ್ಕಸ್ ಅಬೌಟ್’ ಆಗಿ ಕೂರುತ್ತದೆ. ಡಿಸ್ಕಸ್ ಒಳಗೇ ‘ಬಗ್ಗೆ’ ಇದೆ, ಇನ್ನೊಂದು ಬೇಡ. ‘ನನ್ನ ಪ್ರಕಾರ’ ಎಂಬುದು ‘ಅಕಾರ್ಡಿಂಗ್ ಟು ಮಿ’ ಆಗುತ್ತದೆ; ಇಂಗ್ಲಿಷಿನಲ್ಲಿ ‘ಅಕಾರ್ಡಿಂಗ್ ಟು’ ಇರುವುದು ಬೇರೆಯವರ ಮಾತು ಹೇಳಲು, ತನ್ನನ್ನೇ ತಾನು ಉಲ್ಲೇಖಿಸಿಕೊಳ್ಳಲು ಅಲ್ಲ. ‘ಒನ್ ಆಫ್ ದ’ ಆದಮೇಲೆ ಬಹುವಚನ ಬರಬೇಕು ಅನ್ನುವುದು ಎಲ್ಲರಿಗೂ ಗೊತ್ತು, ‘ರೀಸನ್’ ಬರೆಯುವಾಗ ಮಾತ್ರ ಮರೆತುಹೋಗುತ್ತದೆ. ‘ದ ಕ್ವಾಲಿಟಿ ಆಫ್ ದ ರಿಸಲ್ಟ್ಸ್’ ಆದಮೇಲೆ ‘ಆರ್’ ಬರೆಯುವುದೂ ಇದೇ ಜಾತಿಯದು: ಪಕ್ಕದಲ್ಲಿ ಕೂತ ರಿಸಲ್ಟ್ಸ್ ಕ್ರಿಯಾಪದವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ‘ಆಫ್’ನಿಂದ ಕ್ರಿಯಾಪದದವರೆಗಿನ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ. ಕ್ವಾಲಿಟಿ ಈಸ್. ಮುಗಿಯಿತು.

ಈಗ ಹೌಎವರ್ ಬಗ್ಗೆ. ಪರೀಕ್ಷೆಯಲ್ಲಿ ಅತಿ ಹೆಚ್ಚು ಅಪಘಾತ ನಡೆಯುವ ತಿರುವು ಇದು. ಹೌಎವರ್ ನೋಡಲು ‘ಆದರೆ’ ತರಹ ಇದೆ, ಹಾಗಂತ ‘ಬಟ್’ ಕೂರುವ ಜಾಗದಲ್ಲಿ ಅದನ್ನು ಕೂರಿಸಿ ಎರಡು ಕಡೆ ಕಾಮಾ ಹಾಕುತ್ತಾರೆ. ಬಟ್‌ಗೆ ಎರಡು ವಾಕ್ಯಗಳನ್ನು ಹೊಲಿಯುವ ಶಕ್ತಿ ಇದೆ, ಹೌಎವರ್‌ಗೆ ಇಲ್ಲ; ಅದು ಬರೀ ಕ್ರಿಯಾವಿಶೇಷಣ. ಅದಕ್ಕಿಂತ ಮೊದಲು ಫುಲ್‌ಸ್ಟಾಪ್ ಬೇಕು, ಇಲ್ಲವೇ ಸೆಮಿಕೋಲನ್, ನಂತರ ಕಾಮಾ. ದೇರ್‌ಫೋರ್, ಮೋರೋವರ್ ಅವರೂ ಇದೇ ಮನೆತನ. ಇನ್ನು ‘ಆಲ್‌ದೋ’ ಬರೆದ ವಾಕ್ಯದ ನಡುವೆ ‘ಬಟ್’ ಬರಲೇಬಾರದು. ‘ಕಷ್ಟವಾದರೂ ಸಹ, ಆದರೆ’ ಅಂತ ಮಾತಾಡುವ ನಮಗೆ ಇದು ತುಸು ಕಷ್ಟ. ‘ಡೆಸ್ಪೈಟ್’ಗೆ ‘ಆಫ್’ ಬೇಡ, ‘ಇನ್ ಸ್ಪೈಟ್’ಗೆ ಬೇಕು. ಯಾಕೆ ಅಂತ ಕೇಳಬೇಡಿ.

ವ್ಯಾಕರಣಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಪ್ರಶ್ನೆ ಓದುವಾಗ. ಪ್ರಶ್ನೆಯಲ್ಲಿ ಮೂರು ಕಡೆ ಗೆರೆ ಎಳೆಯಬೇಕು: ಏನು ಮಾಡಲು ಹೇಳಿದ್ದಾರೆ, ಯಾವ ವಿಷಯ, ಯಾವ ಮಿತಿಯೊಳಗೆ. ‘ಡಿಸ್ಕ್ರೈಬ್’ ಅಂದರೆ ವರ್ಣಿಸಿದರೆ ಸಾಕು. ‘ಇವ್ಯಾಲ್ಯುಯೇಟ್’ ಅಂದರೆ ತೂಗಿ ತೀರ್ಪು ಕೊಡಬೇಕು. ‘ಟು ವಾಟ್ ಎಕ್ಸ್‌ಟೆಂಟ್’ ಅಂದರೆ ಎಷ್ಟರ ಮಟ್ಟಿಗೆ ಅಂತ ಹೇಳಬೇಕು, ಬರೀ ‘ಹೌದು’ ಉತ್ತರವಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳ ಹಾಜರಾತಿಯ ಮೇಲೆ ಆನ್‌ಲೈನ್ ತರಗತಿಯ ಪರಿಣಾಮ ಕೇಳಿದ್ದರೆ, ‘ಆನ್‌ಲೈನ್’ ಒಂದೇ ಕಣ್ಣಿಗೆ ಬಿದ್ದು, ಕಂಠಪಾಠದ ಇಂಟರ್ನೆಟ್ ಪ್ರಬಂಧ ಅಣೆಕಟ್ಟು ಒಡೆದಂತೆ ಹರಿಯುತ್ತದೆ. ಶುರುವಾಗುವುದು ‘ಸಿನ್ಸ್ ಟೈಮ್ ಇಮ್ಮೆಮೋರಿಯಲ್’ ಅಂತ. ಅನಾದಿ ಕಾಲದಲ್ಲಿ ಇಂಟರ್ನೆಟ್ ಇರಲಿಲ್ಲ.

ಪ್ಯಾರಾ ಕಟ್ಟುವಾಗಲೂ ಕನ್ನಡ ಅಡ್ಡ ಬರುತ್ತದೆ ಅನ್ನುವುದು ನಮ್ಮ ಅನುಮಾನ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಕೇಳುವವರು ಕಾಯುತ್ತಾರೆ. ಅದೇ ರೂಢಿಯಲ್ಲಿ ಇಡೀ ಪ್ಯಾರಾವನ್ನೂ ಕಟ್ಟಿ, ಮುಖ್ಯ ಮಾತನ್ನು ಕೊನೆಯ ಸಾಲಿಗೆ ಇಟ್ಟುಕೊಳ್ಳುತ್ತೇವೆ. ಮೌಲ್ಯಮಾಪಕರು ಕಾಯುವುದಿಲ್ಲ. ಮೊದಲ ವಾಕ್ಯದಲ್ಲೇ ತೀರ್ಪು ಕೊಡಿ, ಆಮೇಲೆ ಪುರಾವೆ, ಆ ಪುರಾವೆ ಯಾಕೆ ಪುರಾವೆ ಅನ್ನುವ ಒಂದೆರಡು ಸಾಲು, ಪ್ರಶ್ನೆಗೆ ಮರಳಿ ಒಂದು ಕೊಂಡಿ. ಐದಾರು ವಾಕ್ಯ, ನೂರು ಪದದ ಆಸುಪಾಸು. ಪುರಾವೆ ಕೊಟ್ಟು ವಿವರಣೆ ಬಿಡುವುದೇ ಹೆಚ್ಚು, ಅಂಕ ಇರುವುದೂ ಅದೇ ಒಂದೆರಡು ಸಾಲಿನಲ್ಲಿ.

ತೀರ್ಪು ಅಂದೆವಲ್ಲ, ಅದನ್ನು ಎಷ್ಟು ಜೋರಾಗಿ ಕೊಡಬೇಕು ಅನ್ನುವುದು ಇನ್ನೊಂದು ತೊಂದರೆ. ಒಂದು ಸಮೀಕ್ಷೆ ಏನನ್ನೂ ‘ಪ್ರೂವ್’ ಮಾಡುವುದಿಲ್ಲ, ‘ಸಜೆಸ್ಟ್’ ಮಾಡುತ್ತದೆ. ಮೊಬೈಲು ಏಕಾಗ್ರತೆಯನ್ನು ಕೆಡಿಸುತ್ತದೆ ಎಂದು ಘೋಷಿಸುವ ಬದಲು ‘ಮೇ’ ಅಥವಾ ‘ಟೆಂಡ್ಸ್ ಟು’ ಸೇರಿಸಬೇಕು. ಇದು ನಮಗೆ ಹೊಸದಲ್ಲ, ‘ಬಹುದು’ ಅನ್ನುವುದು ನಮ್ಮ ನಾಲಗೆಯ ಮೇಲೇ ಇದೆ. ಇದೆ ಅನ್ನುವುದೇ ಸಮಸ್ಯೆ. ‘ಇರಬಹುದೇನೋ ಅಂತ ಅನ್ನಿಸುತ್ತಪ್ಪ’ ಎಂಬ ನಾಲ್ಕು ಪದರದ ಹಿಂಜರಿಕೆ ಇಂಗ್ಲಿಷಿಗೆ ಹೋಗಿ ‘ಇಟ್ ಮೇ ಪರ್‌ಹ್ಯಾಪ್ಸ್ ಸೀಮ್ ಪಾಸಿಬಲ್’ ಆಗುತ್ತದೆ. ಒಂದು ಹೇಳಿಕೆಗೆ ಒಂದು ‘ಬಹುದು’, ಅದಕ್ಕಿಂತ ಹೆಚ್ಚಾದರೆ ಹೇಳಿಕೆಯೇ ಉಳಿಯುವುದಿಲ್ಲ.

ಪ್ಯಾರಾಫ್ರೇಸ್, ಅಂದರೆ ಬೇರೆಯವರ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದು, ಬಹಳ ಜನರಿಗೆ ಒಂದೊಂದೇ ಪದ ಕಿತ್ತು ಸಮಾನಾರ್ಥಕ ನೆಡುವ ಕೆಲಸ. ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದಾಖಲೆಯೇ ಇದೆ. 2021ರಲ್ಲಿ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ಪ್ರಕಟಿತ ಸಂಶೋಧನಾ ಲೇಖನಗಳಲ್ಲಿ ಇಂಥ ‘ಚಿತ್ರಹಿಂಸೆಗೊಳಗಾದ ಪದಗುಚ್ಛ’ಗಳನ್ನು ಹುಡುಕಿ ತೆಗೆದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಆಗಿತ್ತು, ಅಂದರೆ ನಕಲಿ ಪ್ರಜ್ಞೆ. ಬಿಗ್ ಡೇಟಾ ‘ಕಲಾಸಲ್ ಇನ್‌ಫರ್ಮೇಶನ್’ ಆಗಿತ್ತು. ಪಾರಿಭಾಷಿಕ ಪದ ಮುಟ್ಟಬಾರದು, ಬದಲಾಗಬೇಕಾದದ್ದು ವಾಕ್ಯದ ಕಟ್ಟಡ. ಮೂಲವನ್ನು ಎರಡು ಸಲ ಓದಿ, ಹಾಳೆ ಮಗುಚಿ, ನೆನಪಿದ್ದ ನಾಲ್ಕೈದು ಪದ ಬರೆದುಕೊಂಡು, ಮೂಲ ಶುರುವಾದ ತುದಿ ಬಿಟ್ಟು ಬೇರೆ ತುದಿಯಿಂದ ವಾಕ್ಯ ಶುರು ಮಾಡಿ. ಆಮೇಲೆ ಹಾಳೆ ತಿರುವಿ ಅರ್ಥ ಸರಿಹೋಯಿತೇ, ಮೂಲದ ಪದಗಳು ಸಾಲಾಗಿ ನುಸುಳಿವೆಯೇ ನೋಡಿ. ಮಾತು ನಮ್ಮದಾದರೂ ವಿಚಾರ ಅವರದೇ, ಹೆಸರು ಮತ್ತು ಇಸವಿ ಹಾಕಲೇಬೇಕು.

ಹೆಸರು ಹಾಕುವ ಕ್ರಮಕ್ಕೆ ಎಪಿಎ, ಅಂದರೆ ಅಮೆರಿಕದ ಮನೋವಿಜ್ಞಾನಿಗಳ ಸಂಘದ, ಕೈಪಿಡಿ ಇದೆ. 1929ರಲ್ಲಿ ಏಳು ಪುಟದ ಲೇಖನವಾಗಿ ಹುಟ್ಟಿದ್ದು, 2019ರ ಏಳನೇ ಆವೃತ್ತಿಯ ಹೊತ್ತಿಗೆ 400 ಪುಟ ದಾಟಿದೆ. ಪರೀಕ್ಷೆಗೆ ಅಷ್ಟೆಲ್ಲ ಬೇಡ. ಲೇಖಕರು ಮೂವರು ಅಥವಾ ಹೆಚ್ಚಿದ್ದರೆ ಮೊದಲ ಸಲವೇ ಮೊದಲನೆಯವರ ಹೆಸರಿನ ಜೊತೆ ‘ಎಟ್ ಆಲ್’, ಅಂದರೆ ‘ಮತ್ತು ಇತರರು’, ಬರೆಯಬಹುದು. ಚುಕ್ಕೆ ‘ಆಲ್’ ನಂತರ ಮಾತ್ರ, ಏಕೆಂದರೆ ಸಂಕ್ಷಿಪ್ತವಾಗಿರುವುದು ಅದೊಂದೇ. ಎರಡಕ್ಕೂ ಚುಕ್ಕೆ ಇಟ್ಟವರು ಎಷ್ಟೋ, ಅದನ್ನು ಒಬ್ಬ ಲೇಖಕರ ಹೆಸರು ಅಂದುಕೊಂಡವರೂ ಇದ್ದಾರು.

ಸಮಯದ ಲೆಕ್ಕ ಹೀಗಿಡಿ. ಒಂದು ಗಂಟೆ, 300 ಪದ ಅನ್ನೋಣ. ಪ್ರಶ್ನೆ ಓದಲು 3 ನಿಮಿಷ, ಉತ್ತರದ ರೂಪುರೇಷೆಗೆ 7, ಬರೆಯಲು 38, ತಿದ್ದಲು 12. 38 ನಿಮಿಷದಲ್ಲಿ 300 ಪದ ಅಂದರೆ ನಿಮಿಷಕ್ಕೆ ಎಂಟು, ಅವಸರವೇ ಇಲ್ಲ. ಆದರೂ ಅರ್ಧ ಹೊತ್ತು ಮುನ್ನುಡಿಯಲ್ಲೇ ಕಳೆಯುತ್ತದೆ. ವಿಶ್ವವಿದ್ಯಾಲಯ ಸೇರಲು ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಮೊದಲ ಬರಹ ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250. ಎರಡನೆಯದಕ್ಕೆ ತೂಕ ಇಮ್ಮಡಿ. ಮೊದಲನೆಯದಕ್ಕೆ 20, ಎರಡನೆಯದಕ್ಕೆ 40 ನಿಮಿಷ ಎಂದು ಸಲಹೆಯನ್ನೂ ಕೊಟ್ಟಿರುತ್ತಾರೆ. ಹೀಗಿದ್ದೂ ಮೊದಲನೆಯದರಲ್ಲಿ ವಿವರಿಸಲು ಕೊಟ್ಟ ನಕ್ಷೆಯನ್ನು 35 ನಿಮಿಷ ಮುದ್ದು ಮಾಡಿ ಕೂರುವುದು ಲೋಕಾರೂಢಿ. ಪದಗಳನ್ನು ಒಂದೊಂದಾಗಿ ಎಣಿಸುತ್ತ ಕೂರಬೇಡಿ. ನಿಮ್ಮ ಕೈಬರಹದಲ್ಲಿ ಸಾಲಿಗೆ ಎಷ್ಟು ಪದ ಅಂತ ಮನೆಯಲ್ಲೇ ತಿಳಿದುಕೊಂಡು, ಅಲ್ಲಿ ಸಾಲು ಎಣಿಸಿದರೆ ಸಾಕು. ಸಾಲು ಬಿಟ್ಟು ಸಾಲು ಬರೆಯಲು ಬಿಟ್ಟರೆ ಹಾಗೇ ಬರೆಯಿರಿ, ಬಿಟ್ಟುಹೋದ ‘ದ’ಗಳಿಗೆ ಮೇಲೆ ಜಾಗ ಬೇಕು.

ಬರೆಯುವ ಹೊತ್ತು ಮುಗಿಯಲು 5 ನಿಮಿಷ ಇರುವಾಗ, ಮೂರನೇ ಪ್ಯಾರಾ ಎಲ್ಲಿಗೇ ಬಂದಿರಲಿ, ಉಪಸಂಹಾರಕ್ಕೆ ಹಾರಿ. ಎರಡೇ ವಾಕ್ಯ, ಹೊಸ ವಿಚಾರ ಬೇಡ. ‘ಇನ್ ಕನ್‌ಕ್ಲೂಷನ್’ ಬರೆದು ಕಾಮಾ ಹಾಕಿದಲ್ಲಿಗೆ ಗಂಟೆ ಹೊಡೆದ ಉತ್ತರಪತ್ರಿಕೆಗಳಿಗೆ ಬರವಿಲ್ಲ. ತಿದ್ದುವ 12 ನಿಮಿಷದಲ್ಲಿ ಮೂರು ಸುತ್ತು ಓದಿ: ಮೊದಲ ಸುತ್ತಿಗೆ ಕ್ರಿಯಾಪದ ಮಾತ್ರ, ಎರಡನೆಯದಕ್ಕೆ ‘ಎ’ ಮತ್ತು ‘ದ’ ಮಾತ್ರ, ಮೂರನೆಯದಕ್ಕೆ ಫುಲ್‌ಸ್ಟಾಪ್ ಮತ್ತು ಹೌಎವರ್. ಎಲ್ಲವನ್ನೂ ಒಟ್ಟಿಗೆ ಹುಡುಕಿದರೆ ಯಾವುದೂ ಸಿಗುವುದಿಲ್ಲ.

ಕೊನೆಯ ಅರ್ಧ ನಿಮಿಷ ಉಳಿದರೆ ಪೆನ್ನಿಗೆ ಕ್ಯಾಪ್ ಹಾಕಿಬಿಡಿ. ಸರಿಯಾಗಿದ್ದ ‘ಅಫೆಕ್ಟ್’ ಹೊಡೆದು ‘ಇಫೆಕ್ಟ್’ ಆಗುವುದು ಆ ಅರ್ಧ ನಿಮಿಷದಲ್ಲೇ.